ಊರೊಳಗೆ 24, ಘಾಟಿ ಹತ್ತುವಾಗ 10: ಮಲೆನಾಡಿನ ರಸ್ತೆಯಲ್ಲಿ ಹೈರೈಡರ್ ಹೈಬ್ರಿಡ್

ಹೈಬ್ರಿಡ್ ಕಾರು ತಗೊಂಡವರನ್ನು ಶಿವಮೊಗ್ಗದಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಚಾರ್ಜ್ ಎಲ್ಲಿ ಹಾಕ್ತೀರಿ?" ಎರಡನೆಯದು, "ನಿಜವಾಗ್ಲೂ ಲೀಟರಿಗೆ ಇಪ್ಪತ್ತೆಂಟು ಕಿಲೋಮೀಟರ್ ಕೊಡುತ್ತಾ?" ಮೊದಲನೆಯದಕ್ಕೆ ಉತ್ತರ ಸುಲಭ. ಎಲ್ಲೂ ಹಾಕಲ್ಲ, ಇದಕ್ಕೆ ಪ್ಲಗ್ಗೇ ಇಲ್ಲ, ಪೆಟ್ರೋಲ್ ತುಂಬಿಸಿ ಓಡಿಸುವುದು ಅಷ್ಟೇ. ಎರಡನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ನೀವು ಗೋಪಿ ಸರ್ಕಲ್ ಸುತ್ತ ಓಡಾಡುತ್ತೀರೋ, ವಾರಕ್ಕೊಮ್ಮೆ ಆಗುಂಬೆ ಘಾಟಿ ಹತ್ತುತ್ತೀರೋ, ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗುತ್ತೀರೋ ಅನ್ನುವುದರ ಮೇಲೆ ಒಂದೇ ಕಾರು ಹತ್ತನ್ನೂ ಕೊಡುತ್ತದೆ, ಇಪ್ಪತ್ತೈದನ್ನೂ ಕೊಡುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮದು ಟೊಯೊಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್ ಕೂಡ ಒಳಗೆ ಇದೇ ಕಾರು. ಎರಡೂ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾಗುತ್ತವೆ, ಎರಡೂ 2022ರಲ್ಲಿ ಬಂದವು. ಹಾಗಾಗಿ ಇಲ್ಲಿ ಹೇಳುವ ಮೈಲೇಜ್ ವಿಷಯ ಎರಡಕ್ಕೂ ಹೊಂದುತ್ತದೆ. ಒಂದೂವರೆ ಲೀಟರಿನ ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಜೊತೆಗೆ ಒಂದು ಮೋಟಾರು, ಡಿಕ್ಕಿಯ ಕೆಳಗೆ ಒಂದು ಸಣ್ಣ ಲಿಥಿಯಂ ಬ್ಯಾಟರಿ. ಎಂಜಿನ್ನೂ ಮೋಟಾರೂ ಸೇರಿ ಸುಮಾರು 115 ಕುದುರೆ ಶಕ್ತಿ.

ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಇದೇ ಹೈರೈಡರ್‌ನಲ್ಲಿ ಮೈಲ್ಡ್ ಹೈಬ್ರಿಡ್ ಅಂತ ಇನ್ನೊಂದು ಇದೆ, ಹೆಸರು ನೋಡಿ ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಮೈಲ್ಡ್‌ನಲ್ಲಿ ಬ್ಯಾಟರಿ ಎಂಜಿನ್‌ಗೆ ಕೈ ಆಸರೆ ಕೊಡುತ್ತದೆ, ತಾನೇ ಕಾರು ಎಳೆಯುವುದಿಲ್ಲ. ಸ್ಟ್ರಾಂಗ್‌ನಲ್ಲಿ ಎಂಜಿನ್ ಪೂರ್ತಿ ಆಫ್ ಆಗಿ ಬರೀ ಮೋಟಾರಿನಲ್ಲೇ ಕಾರು ಹೋಗುತ್ತದೆ. ಇಲ್ಲಿ ನಾನು ಹೇಳುವುದೆಲ್ಲ ಸ್ಟ್ರಾಂಗ್ ಬಗ್ಗೆ ಮಾತ್ರ.

ಕಂಪನಿ ಹೇಳುವ ಅಂಕಿ, ಅಂದರೆ ವಾಹನ ಪರೀಕ್ಷೆ ಮಾಡುವ ಸಂಸ್ಥೆ ಎಆರ್‌ಎಐ ಕೊಟ್ಟದ್ದು, 27.97. ಅದು ಲ್ಯಾಬಿನಲ್ಲಿ ರೋಲರ್ ಮೇಲೆ, ಗೊತ್ತುಪಡಿಸಿದ ವೇಗದಲ್ಲಿ ಓಡಿಸಿ ತೆಗೆದ ಲೆಕ್ಕ. ಬೇರೆ ಬೇರೆ ಕಾರುಗಳನ್ನು ಹೋಲಿಸಲು ಅದು ಸರಿ. ನಮ್ಮ ರಸ್ತೆಯಲ್ಲಿ ಅಷ್ಟೇ ಬರಬೇಕು ಅಂತ ಹಟ ಹಿಡಿದರೆ ಬೇಜಾರಾಗುತ್ತದೆ ಅಷ್ಟೇ.

ನನಗೆ ಸಿಗುತ್ತಿರುವುದು ಇಷ್ಟು. ಶಿವಮೊಗ್ಗ ಊರೊಳಗೆ 23ರಿಂದ 25. ತೀರ್ಥಹಳ್ಳಿ, ಸಾಗರದ ಕಡೆ ಹೋದರೆ 22, ಸಮಾಧಾನವಾಗಿ ಹೋದರೆ 24. ಬೆಂಗಳೂರು ರಸ್ತೆಯಲ್ಲಿ ನೂರರ ವೇಗ ಹಿಡಿದರೆ 18, 19. ಘಾಟಿ ಹತ್ತುವಾಗ, ಆ ಹತ್ತುವ ಭಾಗಕ್ಕೆ ಮಾತ್ರ ಲೆಕ್ಕ ಹಾಕಿದರೆ, ಹತ್ತರ ಆಸುಪಾಸು. ಇವು ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ ತೆಗೆದ ಅಂದಾಜು, ಘಾಟಿಯದ್ದು ಮಾತ್ರ ಮೀಟರ್ ನೋಡಿ ಹೇಳಿದ್ದು. ಮೀಟರ್ ಯಾವಾಗಲೂ ಒಂದು ಕಿಲೋಮೀಟರ್ ಜಾಸ್ತಿಯೇ ಹೇಳುತ್ತದೆ ಅನ್ನುವುದು ತಲೆಯಲ್ಲಿರಲಿ. ಟ್ಯಾಂಕ್ ಲೆಕ್ಕ ಮಾಡುವುದಾದರೆ ಅದೇ ಬಂಕ್, ಸಾಧ್ಯವಾದರೆ ಅದೇ ಪಂಪು, ಮೊದಲ ಆಟೋ ಕಟ್‌ಗೆ ನಿಲ್ಲಿಸಿ. "ಸರ್ ರೌಂಡ್ ಫಿಗರ್ ಮಾಡ್ಲಾ" ಅಂತ ಕೇಳಿಯೇ ಕೇಳುತ್ತಾರೆ, ಬೇಡ ಅನ್ನಿ. ಅವರು ಮೇಲೆ ಹಾಕುವ ಅರ್ಧ ಲೀಟರಿನಲ್ಲಿ ನಿಮ್ಮ ಲೆಕ್ಕ ಪೂರ್ತಿ ಕೆಡುತ್ತದೆ.

ಊರೊಳಗೆ ಜಾಸ್ತಿ, ಹೈವೇಯಲ್ಲಿ ಕಮ್ಮಿ. ಇದು ಇಷ್ಟು ವರ್ಷ ಪೆಟ್ರೋಲ್ ಕಾರು ಓಡಿಸಿದವರಿಗೆ ತಲೆಕೆಳಗಾಗಿ ಕಾಣುತ್ತದೆ, ಅಲ್ವಾ? ನೋಡಿ, ಸಂಜೆ ಆರು ಗಂಟೆಗೆ ದುರ್ಗಿಗುಡಿಯಲ್ಲಿ ಸಿಕ್ಕಿಕೊಳ್ಳಿ. ಮುಂದೆ ಆಟೋ, ಪಕ್ಕದಲ್ಲಿ ಸ್ಕೂಟಿ, ಹತ್ತು ಅಡಿ ಹೋಗುವುದು, ನಿಲ್ಲುವುದು. ಮಾಮೂಲಿ ಕಾರಿನಲ್ಲಿ ಎಂಜಿನ್ ಸುಮ್ನೆ ತಿರುಗುತ್ತಾ ಪೆಟ್ರೋಲ್ ಕುಡಿಯುತ್ತಿರುತ್ತದೆ. ಇದರಲ್ಲಿ ಎಂಜಿನ್ನೇ ಆಫ್. ಎಸಿ ಮಾತ್ರ ಆಫ್ ಆಗುವುದಿಲ್ಲ, ಅದರ ಕಂಪ್ರೆಸರ್ ಕರೆಂಟಿನಲ್ಲಿ ಓಡುವುದು. ಅಲ್ಲಿಂದ ಅಮೀರ್ ಅಹ್ಮದ್ ಸರ್ಕಲ್‌ವರೆಗೆ ಎಷ್ಟೋ ಸಲ ಎಂಜಿನ್ ಎದ್ದೇ ಇರುವುದಿಲ್ಲ. ಬ್ರೇಕ್ ಹಿಡಿದಾಗಲೆಲ್ಲ ಮೋಟಾರು ತಿರುಗಿ ಜನರೇಟರ್ ಆಗಿ ಬ್ಯಾಟರಿಗೆ ಸ್ವಲ್ಪ ಸ್ವಲ್ಪ ಕರೆಂಟು ತುಂಬುತ್ತದೆ. ನಮ್ಮೂರಿನ ಹಂಪುಗಳನ್ನು ಬೈಯದೆ ಓಡಿಸಿದ್ದು ಈ ಕಾರು ಬಂದ ಮೇಲೇ.

ಆದರೆ ಮನೆಯಿಂದ ಎರಡೇ ಕಿಲೋಮೀಟರ್ ಹೋಗಿ, ತರಕಾರಿ ತಂದು, ನಿಲ್ಲಿಸುವ ಓಡಾಟವಾದರೆ ಈ 24 ಮರೆತುಬಿಡಿ. ಬೆಳಿಗ್ಗೆ ಮೊದಲ ಸಲ ಹೊರಡುವಾಗ ಎಂಜಿನ್ ತಾನು ಬಿಸಿಯಾಗಲು ಸ್ವಲ್ಪ ಹೊತ್ತು ಓಡಿಯೇ ಓಡುತ್ತದೆ, ಬ್ಯಾಟರಿ ಇದ್ದರೂ ಸರಿ. ವಿನೋಬನಗರದಿಂದ ಗಾಂಧಿ ಬಜಾರಿಗೆ ಹೋಗಿ ಬಂದರೆ ಮೀಟರ್ 15, 16 ತೋರಿಸುತ್ತದೆ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಇನ್ನೂ ಕಮ್ಮಿ. ಹೀಟರ್ ಹಾಕಿದರಂತೂ ಮುಗಿಯಿತು. ಎಸಿಗೆ ಕರೆಂಟು ಸಾಕು, ಹೀಟರ್‌ಗೆ ಎಂಜಿನ್ನಿನ ಬಿಸಿ ನೀರೇ ಬೇಕು, ಹಾಗಾಗಿ ಸಿಗ್ನಲ್‌ನಲ್ಲಿ ನಿಂತಿದ್ದರೂ ಎಂಜಿನ್ ಏಳುತ್ತದೆ. ನಮ್ಮ ಮನೆಯಲ್ಲಿ ಚಳಿಗೆ ಶಾಲು ಹೊದ್ದು ಕೂರಿ ಅಂತ ಹೇಳಿ ಬೈಸಿಕೊಳ್ಳುವುದು ನಾನೇ.

ಈಗ ತೀರ್ಥಹಳ್ಳಿ ರಸ್ತೆ. ಈ ಕಾರಿನ ಬಗ್ಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ಗಾಜನೂರು ದಾಟಿ, ಸಕ್ರೆಬೈಲು ದಾಟಿ, ಮಂಡಗದ್ದೆ ಕಡೆ ಹೋಗುವಾಗ ರಸ್ತೆ ಒಂದೇ ಸಮ ಇರುವುದಿಲ್ಲ. ಒಂದು ಸಣ್ಣ ಏರು, ಒಂದು ಸಣ್ಣ ಇಳಿಜಾರು, ಒಂದು ತಿರುವು, ಎದುರಿಗೆ ಒಂದು ಬಸ್ಸು, ಮತ್ತೆ ಏರು. ಪಕ್ಕದಲ್ಲಿ ತುಂಗೆ. ಅರವತ್ತರ ಮೇಲೆ ಹೋಗಲು ರಸ್ತೆಯೂ ಬಿಡುವುದಿಲ್ಲ, ಮನಸ್ಸೂ ಬರುವುದಿಲ್ಲ. ಈ ಕಾರಿಗೆ ಬೇಕಾಗಿರುವುದು ಇಂಥದ್ದೇ ರಸ್ತೆ. ಏರಿನಲ್ಲಿ ಎಂಜಿನ್ನೂ ಮೋಟಾರೂ ಸೇರಿ ಎಳೆಯುತ್ತವೆ, ನೆತ್ತಿ ಮುಟ್ಟಿದ ಕೂಡಲೇ ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲಿಸಿದರೆ ಎಂಜಿನ್ ಆಫ್, ಇಳಿಜಾರಿನಲ್ಲಿ ಬ್ಯಾಟರಿ ಎರಡು ಗೆರೆ ಏರುತ್ತದೆ, ಆಮೇಲೆ ಬರುವ ಸಮತಟ್ಟಿನಲ್ಲಿ ಆ ಎರಡು ಗೆರೆ ಖರ್ಚು ಮಾಡಿಕೊಂಡು ಸದ್ದಿಲ್ಲದೆ ಹೋಗುತ್ತದೆ. ಅಷ್ಟರಲ್ಲಿ ಮುಂದಿನ ಏರು. ಸ್ಕ್ರೀನ್‌ನಲ್ಲಿ ಎಂಜಿನ್, ಬ್ಯಾಟರಿ, ಚಕ್ರದ ಮಧ್ಯೆ ಬಾಣಗಳು ಓಡಾಡುವುದನ್ನು ಪಕ್ಕದಲ್ಲಿ ಕೂತವರು ಮೊದಲ ಸಲ ಟಿವಿ ನೋಡುವ ಹಾಗೆ ನೋಡುತ್ತಾರೆ. ಓಡಿಸುವವರು ನೋಡಬೇಡಿ, ದನ ಇರುತ್ತವೆ.

ದನದ ವಿಷಯ ತಮಾಷೆಗೆ ಹೇಳಿದ್ದಲ್ಲ. ಮಳೆಗಾಲದ ರಾತ್ರಿ ಟಾರು ಬೆಚ್ಚಗಿರುತ್ತದೆ ಅಂತ ನಡುರಸ್ತೆಯಲ್ಲಿ ಮಲಗಿರುತ್ತವೆ. ಎಂಜಿನ್ ಸದ್ದಿಗೆ ಏಳುವುದು ಅವಕ್ಕೆ ರೂಢಿ, ಇದು ಬಂದದ್ದು ಅವಕ್ಕೆ ತಿಳಿಯುವುದೇ ಇಲ್ಲ. ಹಾರನ್ ಹೊಡೆಯಲೇಬೇಕು.

ಈ ರಸ್ತೆಯಲ್ಲಿ ಮೈಲೇಜ್ ಹೆಚ್ಚಿಸಲು ದೊಡ್ಡ ವಿದ್ಯೆ ಏನೂ ಬೇಡ. ತಿರುವು ಕಾಣುತ್ತಿದ್ದ ಹಾಗೇ ಮೊದಲೇ ಮೆಲ್ಲಗೆ ಬ್ರೇಕ್ ಮುಟ್ಟಿ. ಮೆಲ್ಲಗೆ ಒತ್ತಿದರೆ ಆ ಕೆಲಸ ಮೋಟಾರು ಮಾಡುತ್ತದೆ, ಕರೆಂಟು ಬ್ಯಾಟರಿಗೆ. ಕೊನೇ ಗಳಿಗೆಯಲ್ಲಿ ಗಬಕ್ಕನೆ ಒತ್ತಿದರೆ ಬ್ರೇಕ್ ಪ್ಯಾಡ್ ಸವೆಯುತ್ತದೆ, ಶಕ್ತಿ ಎಲ್ಲ ಬಿಸಿಯಾಗಿ ಹೋಗುತ್ತದೆ. ಟೈರಿನಲ್ಲಿ ಗಾಳಿ ಸರಿ ಇರಲಿ. ಬರೀ ಮೋಟಾರಿನಲ್ಲೇ ಓಡಿಸಲು ಈವಿ ಅಂತ ಒಂದು ಗುಂಡಿ ಇದೆ, ಅದನ್ನು ಒತ್ತಿಕೊಂಡು ಓಡಿಸಿದರೆ ಮೈಲೇಜ್ ಜಾಸ್ತಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಇಲ್ಲ. ಬ್ಯಾಟರಿ ಖಾಲಿಯಾದ ಮೇಲೆ ಅದನ್ನು ತುಂಬುವುದು ಅದೇ ಪೆಟ್ರೋಲ್. ರಾತ್ರಿ ಮನೆಗೆ ಬರುವಾಗ ಅಕ್ಕಪಕ್ಕದವರನ್ನು ಎಬ್ಬಿಸದೆ ಗೇಟಿನೊಳಗೆ ನುಗ್ಗಲು ಆ ಗುಂಡಿ ಚೆನ್ನಾಗಿದೆ.

ಘಾಟಿಗೆ ಬರೋಣ. ತೀರ್ಥಹಳ್ಳಿ, ಮೇಗರವಳ್ಳಿ ದಾಟಿ ಆಗುಂಬೆವರೆಗೂ ಎಲ್ಲ ಸೊಗಸು. ಅಲ್ಲಿಂದ ಸೋಮೇಶ್ವರಕ್ಕೆ ಹದಿನಾಲ್ಕು ಹಿಮ್ಮುರಿ ತಿರುವು ಇಳಿಯಬೇಕು. ಕೊಳ್ಳುವಾಗ ಷೋರೂಮಿನಲ್ಲಿ, ಯಾವ ಷೋರೂಮು ಅಂತ ಬೇಡ, "ಘಾಟಿ ಇಳಿದ್ರೆ ಸಾಕು ಸರ್, ಫುಲ್ ಚಾರ್ಜ್ ಆಗಿ ಉಡುಪಿವರೆಗೂ ಪೆಟ್ರೋಲೇ ಬೇಡ" ಅಂದಿದ್ದರು. ಲೆಕ್ಕ ಹಾಕಿದರೆ ಅದು ಎಷ್ಟು ಸುಳ್ಳು ಅಂತ ಗೊತ್ತಾಗುತ್ತದೆ. ಕಾರು, ನಾಲ್ಕು ಜನ, ಲಗೇಜು ಸೇರಿ ಸುಮಾರು 1600 ಕೆಜಿ. ಇಳಿಯುವ ಎತ್ತರ ಸುಮಾರು 500 ಮೀಟರ್. ಅದರಲ್ಲಿರುವ ಶಕ್ತಿ ಎರಡು ಯೂನಿಟ್ ಕರೆಂಟಿಗಿಂತ ಸ್ವಲ್ಪ ಜಾಸ್ತಿ. ಟೈರು ಮತ್ತು ಗಾಳಿ ತಿನ್ನುವುದು ಕಳೆದರೂ ಒಂದೂವರೆ ಯೂನಿಟ್ ಆದರೂ ಉಳಿಯುತ್ತದೆ. ಈ ಕಾರಿನ ಬ್ಯಾಟರಿ ಎಷ್ಟು ಹಿಡಿಯುತ್ತದೆ? 0.76 ಯೂನಿಟ್. ಅದೂ ಬ್ಯಾಟರಿ ಬಾಳಿಕೆ ಬರಲಿ ಅಂತ ಕಂಪ್ಯೂಟರ್ ಅದನ್ನು ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ, ಪೂರ್ತಿ ತುಂಬಲೂ ಬಿಡುವುದಿಲ್ಲ. ಅಂದರೆ ಜೋಗದ ನೀರಿಗೆ ಚೊಂಬು ಹಿಡಿದ ಹಾಗೆ. ನಾಲ್ಕೈದು ತಿರುವು ಇಳಿಯುವಷ್ಟರಲ್ಲಿ ಬ್ಯಾಟರಿ ಭರ್ತಿ, ಮಿಕ್ಕ ತಿರುವುಗಳ ಶಕ್ತಿ ಎಲ್ಲ ಬಿಸಿಯಾಗಿ ಕಾಡಿಗೆ.

ಬ್ಯಾಟರಿ ತುಂಬಿದ ಮೇಲೆ ಒಂದು ವಿಚಿತ್ರ ಆಗುತ್ತದೆ, ಗೊತ್ತಿಲ್ಲದಿದ್ದರೆ ಗಾಬರಿಯಾಗುತ್ತದೆ. ನೀವು ಆಕ್ಸಿಲರೇಟರ್ ಮುಟ್ಟಿರುವುದಿಲ್ಲ, ಕಾರು ಇಳಿಯುತ್ತಿರುತ್ತದೆ, ಇದ್ದಕ್ಕಿದ್ದ ಹಾಗೆ ಎಂಜಿನ್ ಜೋರಾಗಿ ಕೂಗಲು ಶುರುಮಾಡುತ್ತದೆ. ಹಿಂದೆ ಕೂತ ಅಮ್ಮ "ಏನಾಯ್ತೋ" ಅಂತಾರೆ. ಏನೂ ಆಗಿಲ್ಲ, ಪೆಟ್ರೋಲೂ ಉರಿಯುತ್ತಿಲ್ಲ. ಹೆಚ್ಚಾದ ಕರೆಂಟನ್ನು ಇಡಲು ಜಾಗ ಇಲ್ಲದೆ, ಕಾರು ಅದರಲ್ಲೇ ಎಂಜಿನ್ನನ್ನು ಸುಮ್ನೆ ತಿರುಗಿಸಿ ಶಕ್ತಿ ಕಳೆಯುತ್ತಿದೆ. ನಮ್ಮ ಹಳೇ ಕಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಇಳಿಸುತ್ತಿದ್ದೆವಲ್ಲ, ಅದೇ ಕೆಲಸ. ಗೇರ್ ಲಿವರ್‌ನಲ್ಲಿ ಬಿ ಅಂತ ಇರುವುದು ಇದಕ್ಕೇ. ಘಾಟಿ ಇಳಿಯುವಾಗ ಬಿಗೆ ಹಾಕಿ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ. ಆದರೆ ಮಂಡಗದ್ದೆ ರಸ್ತೆಯಂಥ ಸಣ್ಣ ಇಳಿಜಾರಿನಲ್ಲಿ ಬಿ ಬೇಡ, ಮಾಮೂಲಿ ಓಡಿಸುವ ಡಿನಲ್ಲೇ ಇಟ್ಟು ಬ್ರೇಕ್ ಮುಟ್ಟಿ. ಬಿಯಲ್ಲಿ ಬ್ಯಾಟರಿಗೆ ಹೋಗಬೇಕಾದ ಶಕ್ತಿಯೂ ಎಂಜಿನ್ ತಿರುಗಿಸುವುದಕ್ಕೆ ಹೋಗುತ್ತದೆ.

ಹತ್ತುವುದು ಇನ್ನೊಂದು ಕತೆ. ಸೋಮೇಶ್ವರ ಚೆಕ್‌ಪೋಸ್ಟ್ ದಾಟಿ ಮೊದಲ ಕೆಲವು ತಿರುವಿನವರೆಗೆ ಬ್ಯಾಟರಿ ಜೊತೆ ಕೊಡುತ್ತದೆ, ಖುಷಿಯಾಗುತ್ತದೆ. ಆಮೇಲೆ ಬ್ಯಾಟರಿ ತಳ ಕಾಣುತ್ತದೆ. ಅಲ್ಲಿಂದ ಮೇಲಕ್ಕೆ 92 ಕುದುರೆ ಶಕ್ತಿಯ ಎಂಜಿನ್ನೊಂದೇ ಪೂರ್ತಿ ಭಾರ ಎಳೆಯಬೇಕು. ಗೇರ್ ಬದಲಾವಣೆ ಅನ್ನುವುದು ಇದರಲ್ಲಿ ಇಲ್ಲ, ಇದರದ್ದು ಇ-ಸಿವಿಟಿ ಅನ್ನುವ ಆಟೋಮ್ಯಾಟಿಕ್. ಕಾಲು ಒತ್ತಿದರೆ ಎಂಜಿನ್ ಒಂದೇ ಶ್ರುತಿಯಲ್ಲಿ ಕೂಗುತ್ತಲೇ ಇರುತ್ತದೆ, ಕಾರು ಮಾತ್ರ ಆ ಸದ್ದಿನ ಹಿಂದೆ ನಿಧಾನವಾಗಿ ಏರುತ್ತದೆ. ಮುಂದಿರುವ ಬಸ್ಸನ್ನು ಓವರ್‌ಟೇಕ್ ಮಾಡುವ ಆಸೆ ಬೇಡ. ಮೀಟರ್‌ನಲ್ಲಿ ಹತ್ತು, ಕೆಲವೊಮ್ಮೆ ಒಂಬತ್ತು. ಡೀಸೆಲ್ ಓಡಿಸಿ ರೂಢಿ ಇರುವವರಿಗೆ ಇಲ್ಲಿ ತಾಳ್ಮೆ ಕೆಡುತ್ತದೆ, ನನ್ನ ಭಾವ ಡೀಸೆಲ್‌ನವರು, ಇದೇ ಘಾಟಿಯಲ್ಲಿ ನನ್ನ ಪಕ್ಕ ಕೂತು ಏನೇನು ಅಂದರು ಅಂತ ಬರೆಯುವ ಹಾಗಿಲ್ಲ. ಆದರೂ ಹತ್ತಿ ಇಳಿದದ್ದನ್ನು ಸೇರಿಸಿ ನೋಡಿದರೆ ಘಾಟಿಯ ಲೆಕ್ಕ 16, 17ಕ್ಕೆ ಬಂದು ನಿಲ್ಲುತ್ತದೆ, ಇಳಿಯುವಾಗ ಪೆಟ್ರೋಲ್ ಹೆಚ್ಚುಕಮ್ಮಿ ಖರ್ಚೇ ಆಗುವುದಿಲ್ಲವಲ್ಲ. ಹುಲಿಕಲ್ ಘಾಟಿಯಲ್ಲೂ ಇದೇ ಪಾಡು.

ಬೆಂಗಳೂರು ರಸ್ತೆ ಬಗ್ಗೆ ಜಾಸ್ತಿ ಹೇಳುವುದಕ್ಕೇನಿಲ್ಲ. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ನೇರ ರಸ್ತೆ, ಬ್ರೇಕ್ ಹಿಡಿಯುವ ಸಂದರ್ಭವೇ ಕಮ್ಮಿ. ಬ್ರೇಕ್ ಹಿಡಿಯದಿದ್ದರೆ ಹೈಬ್ರಿಡ್‌ಗೆ ಉಳಿಸಲು ಹೆಚ್ಚೇನೂ ಇಲ್ಲ. ಎಂಬತ್ತರಲ್ಲಿ ಹೋದರೆ 22 ಕೊಡುತ್ತದೆ, ನೂರು ದಾಟಿದರೆ 18. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಜೊತೆ ಸಿಕ್ಕಾಪಟ್ಟೆ ಏರುತ್ತದೆ, ಅದಕ್ಕೆ ಯಾವ ಬ್ಯಾಟರಿಯೂ ಮದ್ದಲ್ಲ. ನಿಮ್ಮ ಓಡಾಟ ಬರೀ ಇದೇ ರಸ್ತೆಯಲ್ಲಾದರೆ ಹೈಬ್ರಿಡ್‌ಗೆ ಜಾಸ್ತಿ ದುಡ್ಡು ಕೊಡಬೇಡಿ.

ಇನ್ನು ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ್ದು. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಹಾಗಾಗಿ ಲೆಕ್ಕದ ಪ್ರಕಾರ ಶುದ್ಧ ಪೆಟ್ರೋಲ್‌ಗಿಂತ ಶೇಕಡಾ ಆರೇಳು ಮೈಲೇಜ್ ಹೋಯಿತು ಅಂತಲೇ ಇಟ್ಟುಕೊಳ್ಳಿ. 24 ಕೊಡುವ ಕಾರಿನಲ್ಲಿ ಅದು ಒಂದೂವರೆ ಕಿಲೋಮೀಟರ್. ಲೀಟರ್‌ಗೆ ನೂರು ರೂಪಾಯಿ ದಾಟಿರುವಾಗ ಅದೂ ಲೆಕ್ಕಕ್ಕೆ ಬರುತ್ತದೆ.

ದುಡ್ಡಿನ ಲೆಕ್ಕ ಹೇಳದೆ ಈ ರಿವ್ಯೂ ಮುಗಿಯುವ ಹಾಗಿಲ್ಲ. ಮಾಮೂಲಿ ಪೆಟ್ರೋಲ್ ಆಟೋಮ್ಯಾಟಿಕ್‌ಗೂ ಇದಕ್ಕೂ ಆನ್‌ರೋಡ್ ಬೆಲೆಯಲ್ಲಿ ಎರಡೂವರೆ ಲಕ್ಷ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ, ಅದು 14 ಕೊಡುವ ಕಡೆ ಇದು 22 ಕೊಟ್ಟರೆ, ವರ್ಷಕ್ಕೆ ಸುಮಾರು 310 ಲೀಟರ್ ಉಳಿತಾಯ. ಲೀಟರ್‌ಗೆ 103 ಹಿಡಿದರೆ 32 ಸಾವಿರ ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಲು ಸುಮಾರು ಎಂಟು ವರ್ಷ. ಹೈಬ್ರಿಡ್ ಬ್ಯಾಟರಿಗೆ ವಾರಂಟಿ ಇರುವುದೂ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್. ತಿಂಗಳಿಗೆ ಎರಡು ಸಾವಿರ ಓಡಿಸುವವರಿಗೆ ನಾಲ್ಕೇ ವರ್ಷ, ಅವರು ಕಣ್ಣು ಮುಚ್ಚಿ ತಗೊಳ್ಳಬಹುದು. ಐನೂರು ಓಡಿಸುವವರು ಮೈಲೇಜಿಗಾಗಿ ತಗೊಂಡೆ ಅಂತ ಯಾರಿಗೂ ಹೇಳಬೇಡಿ, ಸದ್ದಿಲ್ಲದ ಕಾರು ಇಷ್ಟ ಆಯಿತು ಅನ್ನಿ, ಅದೂ ನಿಜವೇ.

ತೆರಿಗೆ ವಿಷಯಕ್ಕೆ ನನಗೆ ಸಿಟ್ಟಿದೆ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಮಾಫಿ ಮಾಡಿದರು. ಕಾರು ತಯಾರಾಗುವುದು ನಮ್ಮ ರಾಜ್ಯದಲ್ಲಿ, ನಾವು ಹತ್ತು ಲಕ್ಷ ದಾಟಿದ ಕಾರಿಗೆ ಶೇಕಡಾ 17 ರಸ್ತೆ ತೆರಿಗೆ ಕಟ್ಟಿದ್ದೇವೆ. ಜಾಸ್ತಿ ಬೆಲೆಯ ಹೈಬ್ರಿಡ್‌ಗೆ ಸಹಜವಾಗಿ ಜಾಸ್ತಿ ತೆರಿಗೆ. ಪೆಟ್ರೋಲ್ ಉಳಿಸಿದ್ದಕ್ಕೆ ದಂಡ ಕಟ್ಟಿದ ಹಾಗಾಯಿತು.

"ಹಾಗಾದ್ರೆ ಎಲೆಕ್ಟ್ರಿಕ್ಕೇ ತಗೋಬಹುದಿತ್ತಲ್ಲ" ಅನ್ನುವವರಿಗೆ: ಶಿವಮೊಗ್ಗದಲ್ಲೇ ಇರುವವರು ಖಂಡಿತ ತಗೊಳ್ಳಿ. ನಮ್ಮದು ತೀರ್ಥಹಳ್ಳಿ ಪಕ್ಕದ ಹಳ್ಳಿಯ ಮನೆಗೆ ವಾರಕ್ಕೊಮ್ಮೆ ಹೋಗುವ ಓಡಾಟ. ಜುಲೈನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ, ಮೊಬೈಲ್ ಚಾರ್ಜ್ ಮಾಡುವುದೇ ಕಾರಿನಲ್ಲಿ.

ಡಿಕ್ಕಿ ಚಿಕ್ಕದು. ಕೆಳಗೆ ಬ್ಯಾಟರಿ ಕೂತಿರುವುದರಿಂದ ಮೈಲ್ಡ್‌ನಲ್ಲಿರುವಷ್ಟು ಜಾಗ ಹೈಬ್ರಿಡ್‌ನಲ್ಲಿಲ್ಲ. ಊರಿಂದ ಹೊರಡುವಾಗ ನಮ್ಮ ಕಡೆ ಬರಿಗೈಲಿ ಕಳಿಸುತ್ತಾರಾ? ಒಂದು ಬಾಳೆಗೊನೆ, ಎರಡು ಹಲಸಿನಹಣ್ಣು, ಅರ್ಧ ಚೀಲ ತೆಂಗಿನಕಾಯಿ, ಜೊತೆಗೆ ಅಪ್ಪೆಮಿಡಿಯ ಭರಣಿ. ಹಲಸು ಹಿಂದಿನ ಸೀಟಿಗೆ ಬರುತ್ತದೆ, ಮಕ್ಕಳು ಅದರ ಪಕ್ಕಕ್ಕೆ. ಅಡಿಕೆ ಮೂಟೆ ಹಾಕುವ ಯೋಚನೆ ಇದ್ದರೆ ಈ ಕಾರು ನಿಮಗಲ್ಲ. ಭಾರ ಜಾಸ್ತಿಯಾದಷ್ಟೂ ಮೈಲೇಜೂ ಇಳಿಯುತ್ತದೆ, ಏರುತಗ್ಗಿನ ರಸ್ತೆಯಲ್ಲಿ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸಿಡುವವರು ಇನ್ನೊಂದು ತಿಳಿದುಕೊಳ್ಳಿ. ದೊಡ್ಡ ಬ್ಯಾಟರಿ ಅಲ್ಲದೆ ಮಾಮೂಲಿ 12 ವೋಲ್ಟ್ ಬ್ಯಾಟರಿಯೂ ಇದರಲ್ಲಿದೆ, ಅದು ಇಳಿದರೆ ದೊಡ್ಡದರಲ್ಲಿ ಎಷ್ಟೇ ಚಾರ್ಜ್ ಇದ್ದರೂ ಕಾರು ಎಚ್ಚರವಾಗುವುದಿಲ್ಲ. ವಾರಕ್ಕೊಮ್ಮೆ ರೆಡಿ ಲೈಟ್ ಬರುವ ಹಾಗೆ ಆನ್ ಮಾಡಿ ಅರ್ಧ ಗಂಟೆ ಬಿಡಿ, ಅಥವಾ ಒಂದು ಸುತ್ತು ಹಾಕಿ ಬನ್ನಿ.

ಟೆಸ್ಟ್ ಡ್ರೈವ್‌ಗೆ ಹೋದರೆ ಬೈಪಾಸಿನಲ್ಲಿ ಒಂದು ರೌಂಡ್ ಹೊಡೆಸಿ ವಾಪಸ್ ತರುತ್ತಾರೆ. ಒಪ್ಪಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿಸಿ, ಸಂಜೆ ಹೊತ್ತು ನೆಹರೂ ರೋಡಿನಲ್ಲಿ ಒಮ್ಮೆ, ಆಮೇಲೆ ಗಾಜನೂರುವರೆಗೆ ಒಮ್ಮೆ ಹೋಗಿ ಬನ್ನಿ. ಪಕ್ಕದಲ್ಲಿ ಕೂತ ಹುಡುಗ ಇಕೋ ಮೋಡ್ ಹಾಕಿ ಅಂದರೆ ಹಾಕಬೇಡಿ, ನಾರ್ಮಲ್‌ನಲ್ಲೇ ಓಡಿಸಿ, ನೀವು ದಿನಾ ಓಡಿಸುವುದು ಅದರಲ್ಲೇ. ಬಂದ ಮೇಲೆ ಮೀಟರ್‌ನ ಫೋಟೋ ತೆಗೆದುಕೊಂಡು, ಅದರಲ್ಲಿ ಒಂದು ಕಿಲೋಮೀಟರ್ ಕಳೆದು, ಆಮೇಲೆ ಬೆಲೆಯ ಮಾತಿಗೆ ಕೂರಿ.